ಸೀಕ್ವೆಲ್‌ಗೆ ಕನ್ನಡ ಪದ: ಮಧುಗಿರಿ ಮೇಡಂ ಅವರಿಗೆ

ಮೇಡಂ, ಸೀಕ್ವೆಲ್, ಅಂದರೆ ಮೊದಲ ಪುಸ್ತಕದ ಕಥೆ ಮುಂದುವರಿಸುವ ಪುಸ್ತಕ, ಮತ್ತು ಡಿಸ್ಟೋಪಿಯ, ಇವೆರಡಕ್ಕೂ ಕನ್ನಡ ಪದ ಕೇಳಿದ್ದೀರಿ, ನಾಳೆಯೇ ಲೈಬ್ರರಿ ಕಪಾಟಿಗೆ ಚೀಟಿ ಅಂಟಿಸಬೇಕು ಅಂದಿದ್ದೀರಿ. ಸೀಕ್ವೆಲ್‌ಗೆ ‘ಎರಡನೇ ಪುಸ್ತಕ’ ಅಂತ ಬರೆಯಿರಿ, ಸಾಕು. ಪಾವಗಡದ ಕಡೆಯಿಂದ ಬಂದ, ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ತಿಳಿಯುತ್ತದೆ.

‘ಉತ್ತರಭಾಗ’ ಬೇಡವೇ ಬೇಡ. ಆಗಲೇ ಇಬ್ಬರು ಅದನ್ನು ಸೂಚಿಸಿದ್ದಾರೆ, ನಾನು ಒಪ್ಪುವುದಿಲ್ಲ. ಸಂಸ್ಕೃತ ಕವಿ ಬಾಣ ಅರ್ಧಕ್ಕೆ ಬಿಟ್ಟು ತೀರಿಕೊಂಡ ‘ಕಾದಂಬರಿ’ ಅನ್ನುವ ಕೃತಿಯನ್ನು ಅವನ ಮಗ ಮುಗಿಸಿದ, ಆ ಉಳಿದರ್ಧ ಉತ್ತರಭಾಗ. ಸೀಕ್ವೆಲ್ ಹಾಗಲ್ಲ, ಮೊದಲ ಪುಸ್ತಕದ ಕಥೆಗೆ ಅದರದೇ ಒಂದು ಕೊನೆ ಇರುತ್ತದೆ. ನಿಮ್ಮ ಮಕ್ಕಳು ಕಿತ್ತಾಡಿಕೊಂಡು ಓದುತ್ತಿರುವ ಹಂಗರ್ ಗೇಮ್ಸ್ ಸರಣಿ ನೋಡಿ, ಆಳುವವರು ಜಿಲ್ಲೆಗಳ ಮಕ್ಕಳನ್ನು ಅಖಾಡಕ್ಕೆ ಬಿಟ್ಟು ಸಾಯುವವರೆಗೆ ಕಾದಾಡಿಸುವ ಆಟದ ಕಥೆ. 2008ರ ಪುಸ್ತಕದಲ್ಲಿ ನಾಯಕಿ ಕ್ಯಾಟ್ನಿಸ್ ಆಟ ಗೆದ್ದು ಊರ ಕಡೆ ಹೊರಡುತ್ತಾಳೆ. 2009ರದ್ದರಲ್ಲಿ, ಹಿಂದೆ ಗೆದ್ದವರನ್ನೇ ಆರಿಸಿ ಮತ್ತೆ ಅಖಾಡಕ್ಕೆ ತಳ್ಳುತ್ತಾರೆ. ಅದನ್ನೇ ಮೊದಲು ಎತ್ತಿಕೊಂಡ ಮಗುವಿಗೆ, ಹನ್ನೊಂದನೇ ಜಿಲ್ಲೆಯ ಮುದುಕನೊಬ್ಬ ನಾಲ್ಕು ಸ್ವರ ಸಿಳ್ಳೆ ಹಾಕಿದ ಕೂಡಲೇ ಇಡೀ ಜನ ಯಾಕೆ ಮೂರು ಬೆರಳು ಎತ್ತಿದರು ಅನ್ನೋದೇ ಗೊತ್ತಾಗುವುದಿಲ್ಲ. ಯಾವುದು ಮೊದಲು ಅಂತ ಹೇಳುವುದೇ ಚೀಟಿಯ ಕೆಲಸ ಅಲ್ವಾ? ಅಲ್ಲದೆ ಎಂಟನೇ ಕ್ಲಾಸಿನವರಿಗೆ ‘ಉತ್ತರ’ ಅಂದರೆ ಪ್ರಶ್ನೆಗೆ ಬರೆಯುವ ಉತ್ತರ.

‘ಮುಂದಿನ ಕಥೆ’ ಅಂತಲೂ ಸಾರಾಸಗಟಾಗಿ ಹಾಕಬೇಡಿ. ಅದೇ ಸರಣಿಯಲ್ಲಿ 2020ರಲ್ಲಿ ಬಂದ ಪುಸ್ತಕ ಮೊದಲನೆಯದಕ್ಕಿಂತ 64 ವರ್ಷ ಹಿಂದೆ ನಡೆಯುತ್ತದೆ. ಅದಕ್ಕೆ ‘ಹಿಂದಿನ ಕಥೆ’ ಅಂತ ಬೇರೆ ಚೀಟಿ ಬೇಕು.

ಇನ್ನು ಡಿಸ್ಟೋಪಿಯ, ಅಂದರೆ ಬದುಕೇ ನರಕವಾದ ಕಲ್ಪನೆಯ ನಾಡಿನ ಕಥೆ. ‘ಕಲಿಗಾಲದ ಕಥೆಗಳು’ ಅಂದವರು ಆ ಪುಸ್ತಕಗಳನ್ನು ಓದಿಲ್ಲ. ಕಲಿಗಾಲ ತಾನಾಗಿ ಬರುತ್ತದೆ, ಯಾರೂ ತರುವುದಿಲ್ಲ. ಇಲ್ಲಿ ಕೇಡನ್ನು ತರುವವರು ಆಳುವವರು, ಅದೂ ಕಾನೂನು ಮಾಡಿ. ಡಿಸ್ಟೋಪಿಯ ಪದದೊಳಗಿರುವ ಗ್ರೀಕಿನ ಟೋಪೋಸ್ ಅಂದರೆ ಜಾಗ, ಕಾಲ ಅಲ್ಲ. ಹಾಗಾಗಿ ‘ಕೇಡುನಾಡು’. ತುಂಬಾ ದಿನದಿಂದ ಹೇಳುತ್ತಿದ್ದೇನೆ, ಇದಕ್ಕಿಂತ ಸರಿಯಾದದ್ದನ್ನು ಯಾರೂ ಕೊಟ್ಟಿಲ್ಲ. ಮಕ್ಕಳ ಬಾಯಿಗೆ ಅದು ಹತ್ತದಿದ್ದರೆ ಡಿಸ್ಟೋಪಿಯ ಅಂತಲೇ ಬರೆಯಿರಿ, ಯಾರಿಗೂ ಹೆದರಬೇಡಿ.

ಯಾಕೆಂದರೆ ‘ಸೀಕ್ವೆಲ್ ಪರಭಾಷೆ, ಮುಟ್ಟಬೇಡಿ’ ಅಂದವರು ಅದರ ಬದಲು ಕೊಟ್ಟ ‘ಉತ್ತರ’, ‘ಭಾಗ’ ಎರಡೂ ಸಂಸ್ಕೃತದವು. ನಾನು ಹೇಳಿದ ‘ಪುಸ್ತಕ’ ಅನ್ನುವ ಪದವೂ ಅಲ್ಲಿಂದಲೇ ಬಂದದ್ದು. ‘ಕಾದಂಬರಿ’ ಬಾಣನ ನಾಯಕಿಯ ಹೆಸರು, ಅದು ನಾವೆಲ್ಲಿಗೆ ಪದವಾಗಿ ನಿಂತಿದೆ. ಸಂಸ್ಕೃತದಿಂದ ತಂದರೆ ಮಡಿ, ಇಂಗ್ಲಿಷಿನಿಂದ ತಂದರೆ ಮೈಲಿಗೆ, ಇದು ಯಾವ ವ್ಯಾಕರಣ? ನಾಲಿಗೆಗೆ ಒಗ್ಗಿದ್ದು ನಮ್ಮದು. ಒಗ್ಗದ್ದನ್ನು ಮಕ್ಕಳ ಕಪಾಟಿನ ಮೇಲೆ ಅಂಟಿಸಬೇಡಿ.

ಒಂದು ಮಾತು ಮೇಡಂ, ಪುಸ್ತಕದ ಬೆನ್ನಿನ ಮೇಲೂ ಮಾರ್ಕರಿನಲ್ಲಿ 1, 2, 3 ದಪ್ಪಗೆ ಬರೆದುಬಿಡಿ. ಚೀಟಿ ಬೇಗ ಕಿತ್ತುಬರುತ್ತದೆ.