ಪದಚರ್ಚೆ: ‘ಫ್ರೀ ಕ್ಲೋರಿನ್’ಗೆ ಕನ್ನಡದಲ್ಲಿ ಏನನ್ನೋಣ? ಈಜುಕೊಳದ ಟೆಸ್ಟ್ ಕಿಟ್ ಮತ್ತು ಅದರ ಮಾತುಗಳು

ಪ್ರಶ್ನೆ

ಹೋಂಸ್ಟೇ ಮತ್ತು ಮನೆಗಳ ಈಜುಕೊಳ ನೋಡಿಕೊಳ್ಳುವವರಿಗಾಗಿ ನೀರು ಪರೀಕ್ಷೆಯ ಕಿಟ್ ಬಗ್ಗೆ ಎರಡು ಪುಟದ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಯಾವ ಕಿಟ್ ಕೊಳ್ಳುವುದು, ಜೊತೆಗೆ ಏನೇನು ಬೇಕು, ಬಳಸುವುದು ಹೇಗೆ, ಇಷ್ಟೇ ವಿಷಯ. ಯಂತ್ರಾನುವಾದದ ಕರಡಿನಲ್ಲಿ ‘ಫ್ರೀ ಕ್ಲೋರಿನ್’ ಹೋಗಿ ‘ಉಚಿತ ಕ್ಲೋರಿನ್’ ಆಗಿತ್ತು, ‘ಶಾಕ್’ (ಒಮ್ಮೆಲೇ ಹೆಚ್ಚು ಕ್ಲೋರಿನ್ ಹಾಕುವುದು) ಹೋಗಿ ‘ಆಘಾತ ನೀಡಿ’ ಆಗಿತ್ತು. ಅವೆರಡನ್ನೂ ಹೊಡೆದುಹಾಕಿದ್ದಾಗಿದೆ. ಫ್ರೀ, ಕಂಬೈನ್ಡ್, ಟೋಟಲ್ ಎಂಬ ಮೂರು ಕ್ಲೋರಿನ್‌ಗಳಿಗೆ ಏನು ಹೇಳಬೇಕು? ‘ಮುಕ್ತ, ಸಂಯೋಜಿತ, ಒಟ್ಟು’ ಸಾಕೆ? ಅಥವಾ ಸುಮ್ಮನೆ ‘ಕ್ಲೋರಿನ್’ ಎಂದರೆ ನಡೆಯುತ್ತದೆಯೆ? ಹಾರ್ಡ್‌ನೆಸ್, ಆಲ್ಕಲಿನಿಟಿ, ಸ್ಟೆಬಿಲೈಸರ್ ಇವುಗಳಿಗೂ ಸಲಹೆ ಬೇಕು.

ಉತ್ತರ 1

ಸುಮ್ಮನೆ ‘ಕ್ಲೋರಿನ್’ ಎಂದರೆ ಖಂಡಿತ ನಡೆಯುವುದಿಲ್ಲ. ಕಿಟ್ ಕೊಳ್ಳುವವರು ಮೋಸಹೋಗುವುದೇ ಅಲ್ಲಿ.

ಅಂಗಡಿಯಲ್ಲಿ ‘ಕ್ಲೋರಿನ್ ಕಿಟ್’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎರಡು ಬಾಟಲಿಯ ಅಗ್ಗದ ಡಬ್ಬಿ: ಒಂದು ಆರ್ಥೊಟಾಲಿಡಿನ್, ಇನ್ನೊಂದು ಪಿಎಚ್‌ಗೆ ಫಿನಾಲ್ ರೆಡ್. ಆರ್ಥೊಟಾಲಿಡಿನ್ ಹಾಕಿದರೆ ನೀರು ಹಳದಿಯಾಗುತ್ತದೆ. ಆ ಹಳದಿ ತೋರಿಸುವುದು ಒಟ್ಟು ಕ್ಲೋರಿನ್ನನ್ನು ಮಾತ್ರ. ಕೊಳದಲ್ಲಿ ರೋಗಾಣು ಕೊಲ್ಲುವ ಕೆಲಸ ಮಾಡುವುದು ಇನ್ನೂ ಯಾವುದಕ್ಕೂ ಅಂಟದ ಕ್ಲೋರಿನ್, ಅದೇ ಫ್ರೀ. ಬೆವರು, ಮೂತ್ರದಲ್ಲಿರುವ ಅಮೋನಿಯಾದಂಥ ವಸ್ತುಗಳಿಗೆ ಅಂಟಿಕೊಂಡ ಮೇಲೆ ಅದು ಕ್ಲೋರಮೈನ್, ಅಂದರೆ ಕಂಬೈನ್ಡ್. ಕೊಲ್ಲುವ ಶಕ್ತಿ ತೀರಾ ಕಡಿಮೆ. ಕಣ್ಣುರಿ ಮತ್ತು ‘ಕ್ಲೋರಿನ್ ವಾಸನೆ’ಗೆ ಬಹುಪಾಲು ಅದೇ ಕಾರಣ. ಒಟ್ಟು 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ) ಇದ್ದು ಅದರಲ್ಲಿ ಎರಡೂವರೆ ಕ್ಲೋರಮೈನ್ ಆಗಿದ್ದರೂ ಹಳದಿ ಡಬ್ಬಿ ‘ಸರಿಯಾಗಿದೆ’ ಎನ್ನುತ್ತದೆ. ಆ ಪರೀಕ್ಷೆಯ ನೀರನ್ನು ಮತ್ತೆ ಕೊಳಕ್ಕೆ ಸುರಿಯಬಾರದು ಎಂಬುದನ್ನೂ ಕೈಪಿಡಿಯಲ್ಲಿ ಹಾಕಿ.

ಅದಕ್ಕೇ ಕೈಪಿಡಿಯ ಮೊದಲ ಸಾಲಿನಲ್ಲೇ ‘ಡಿಪಿಡಿ ಇರುವ ಕಿಟ್ ಕೇಳಿ’ ಎಂದು ಬರಲಿ. ಡಿಪಿಡಿ ಎಂಬ ಈ ರಾಸಾಯನಿಕ ಹಾಕಿದರೆ ಗುಲಾಬಿ ಬಣ್ಣ. ಬ್ರಿಟನ್ನಿನ ಪೇಲಿನ್ 1957ರಲ್ಲಿ ಈ ವಿಧಾನವನ್ನು ಪ್ರಕಟಿಸಿದ್ದು. ಫ್ರೀ ಮತ್ತು ಕಂಬೈನ್ಡ್ ಎರಡನ್ನೂ ಬೇರೆಬೇರೆಯಾಗಿ ಅಳೆಯಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಇದರಲ್ಲೂ ಎರಡು ಬಗೆ. ಒಂದರಲ್ಲಿ ಗುಲಾಬಿಯನ್ನು ಡಬ್ಬಿಯ ಬಣ್ಣದ ಪಟ್ಟಿಗೆ ಹೋಲಿಸಿ ಓದುವುದು. ಇನ್ನೊಂದು ಎಫ್‌ಎಎಸ್-ಡಿಪಿಡಿ (ಎಫ್‌ಎಎಸ್ ಎಂದರೆ ಹನಿಯಾಗಿ ಹಾಕುವ ದ್ರಾವಣ): ಡಿಪಿಡಿ ಪುಡಿ ಹಾಕಿ ಗುಲಾಬಿ ಮಾಡಿ, ಬಣ್ಣ ಹೋಗುವ ತನಕ ಹನಿ ಎಣಿಸುವುದು. ಟೇಲರ್ ಕಂಪನಿಯ ಕೆ-2005 ಮೊದಲ ಬಗೆ, ಕೆ-2006 ಎರಡನೆಯದು. ನನ್ನ ಮತ ಎರಡನೆಯದಕ್ಕೆ. ಗುಲಾಬಿಯ ಛಾಯೆ ಹೋಲಿಸುವಲ್ಲಿ 2 ಮತ್ತು 3ರ ನಡುವೆಯೇ ಇಬ್ಬರಿಗೆ ಎರಡು ಅಭಿಪ್ರಾಯ ಬರುತ್ತದೆ. ಹನಿ ಎಣಿಕೆಯಲ್ಲಿ ಆ ವಾದವಿಲ್ಲ. 10 ಮಿ.ಲೀ. ನೀರು ತೆಗೆದುಕೊಂಡರೆ ಒಂದು ಹನಿಗೆ 0.5 ಪಿಪಿಎಂ, 25 ಮಿ.ಲೀ. ಆದರೆ ಒಂದು ಹನಿಗೆ 0.2.

ಇನ್ನೊಂದು ಕಾರಣ ಹೆಚ್ಚು ಮುಖ್ಯ. ಕ್ಲೋರಿನ್ ಸುಮಾರು 10 ಪಿಪಿಎಂ ದಾಟಿದರೆ ಅದು ಡಿಪಿಡಿಯ ಬಣ್ಣವನ್ನೇ ಸುಟ್ಟುಬಿಡುತ್ತದೆ. ಗುಲಾಬಿ ಕ್ಷಣಮಾತ್ರ ಮಿಂಚಿ ನೀರು ಬಣ್ಣವಿಲ್ಲದಂತಾಗುತ್ತದೆ. ಬಣ್ಣ ಹೋಲಿಸುವ ಕಿಟ್‌ನವರು ‘ಕ್ಲೋರಿನ್ನೇ ಇಲ್ಲ’ ಎಂದು ಇನ್ನಷ್ಟು ಸುರಿಯುತ್ತಾರೆ. ಹನಿ ಕಿಟ್‌ನಲ್ಲಿ ಇನ್ನೊಂದು ಅಳತೆ ಪುಡಿ ಹಾಕಿದರೆ ಗುಲಾಬಿ ಮರಳುತ್ತದೆ, ಎಣಿಕೆ ಮುಂದುವರಿಯುತ್ತದೆ. ಅಷ್ಟು ಕ್ಲೋರಿನ್ ಇರುವಾಗ ಫಿನಾಲ್ ರೆಡ್ ಕೂಡ ನೇರಳೆಗೆ ತಿರುಗಿ ಪಿಎಚ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆಗ ಆಸಿಡ್ ಹಾಕಬಾರದು. ಕ್ಲೋರಿನ್ ಇಳಿದ ಮೇಲೆ ಮತ್ತೆ ನೋಡಬೇಕು.

ಉತ್ತರ 2

ಮೇಲಿನ ಉತ್ತರ ಒಪ್ಪಿಗೆ. ಆದರೆ ‘ಮುಕ್ತ ಕ್ಲೋರಿನ್’ ಬೇಡ ಎನ್ನುತ್ತೇನೆ. ನಮ್ಮ ಬೋರ್ಡುಗಳಲ್ಲಿ ‘ಪ್ಲಾಸ್ಟಿಕ್ ಮುಕ್ತ ವಲಯ’, ‘ತಂಬಾಕು ಮುಕ್ತ ಶಾಲೆ’ ಓದಿ ಓದಿ ‘ಮುಕ್ತ’ ಎಂದರೆ ‘ಇಲ್ಲದ’ ಎಂದೇ ಆಗಿದೆ. ‘ಕ್ಲೋರಿನ್ ಮುಕ್ತ’ ಮತ್ತು ‘ಮುಕ್ತ ಕ್ಲೋರಿನ್’ ಒಂದೇ ಗೋಡೆಯ ಮೇಲಿದ್ದರೆ ಪಂಪ್ ರೂಮಿನಲ್ಲಿ ನಿಂತವನು ಗೊಂದಲಕ್ಕೆ ಬೀಳದೆ ಇರುತ್ತಾನೆಯೆ? ‘ಬಿಡಿ ಕ್ಲೋರಿನ್, ಕೂಡಿದ ಕ್ಲೋರಿನ್, ಒಟ್ಟು ಕ್ಲೋರಿನ್’ ಎನ್ನಿ. ಬಿಡಿ ಮತ್ತು ಕೂಡಿದ್ದು ಸೇರಿದರೆ ಒಟ್ಟು. ಲೆಕ್ಕ ಹೆಸರಿನಲ್ಲೇ ಇದೆ. ಶಾಲಾ ಪುಸ್ತಕಕ್ಕೆ ಬೇಕಾದರೆ ‘ಮುಕ್ತ’ ಇರಲಿ. ಬಾಟಲಿಯ ಮೇಲೆ ಎಫ್‌ಸಿ, ಸಿಸಿ, ಟಿಸಿ ಎಂದಿರುವುದರಿಂದ ಆ ಅಕ್ಷರಗಳನ್ನೂ ಪಕ್ಕದಲ್ಲಿ ಬರೆಯುವುದು ಒಳ್ಳೆಯದು.

ಇನ್ನು ‘ತಿಳಿ’. ಕರಡಿನಲ್ಲಿ ‘ನೀರು ತಿಳಿಯಾಗುವ ತನಕ ಹನಿ ಹಾಕಿ’ ಎಂದಿದ್ದರೆ ತಕ್ಷಣ ತೆಗೆಯಿರಿ. ತಿಳಿನೀರು ಎಂದರೆ ನಿರ್ಮಲ ನೀರು, ಸರಿ. ಆದರೆ ತಿಳಿಗುಲಾಬಿ ಎಂದರೆ ತೆಳು ಗುಲಾಬಿ. ಗುಲಾಬಿ ತೆಳುವಾದ ಕೂಡಲೇ ಒಬ್ಬ ನಿಲ್ಲಿಸುತ್ತಾನೆ, ಒಂದೆರಡು ಹನಿ ಕಡಿಮೆ ಎಣಿಸುತ್ತಾನೆ. ‘ಗುಲಾಬಿ ಪೂರ್ತಿ ಹೋಗಿ ಬಣ್ಣವೇ ಇಲ್ಲದಾಗುವ ತನಕ’ ಎಂದೇ ಬರೆಯಬೇಕು.

ಕುಲುಕು, ಕಲಕು ಇವೂ ಗೊಂದಲ ತರುತ್ತವೆ. ಕಲಕಿದ ನೀರು ಎಂದರೆ ರಾಡಿ ನೀರು. ಇಲ್ಲಿ ಬೇಕಾದದ್ದು ಕೊಳವೆಯನ್ನು ಹಿಡಿದು ಮಣಿಕಟ್ಟಿನಿಂದ ಮೆಲ್ಲಗೆ ಸುತ್ತಿಸುವುದು. ಬಾಯಿಗೆ ಹೆಬ್ಬೆರಳು ಮುಚ್ಚಿ ಅಲ್ಲಾಡಿಸಿದರೆ ಬೆರಳಿನ ಬೆವರು, ಎಣ್ಣೆ ನೀರಿಗಿಳಿದು ಅಳತೆ ಕೆಡುತ್ತದೆ.

ಹಾರ್ಡ್‌ನೆಸ್‌ಗೆ ‘ಗಡಸುತನ’ ಸರಿ, ಶಾಲೆಯಿಂದಲೇ ಪರಿಚಯ. ಅಪಾಯ ಬೇರೆ ಕಡೆ ಇದೆ. ಬೆಂಗಳೂರು, ಕೋಲಾರದ ಕಡೆ ಗಡಸು ಬೋರ್‌ವೆಲ್ ನೀರಿಗೆ ಜನ ಹೇಳುವುದು ‘ಉಪ್ಪುನೀರು’. ಕಾವೇರಿ ನೀರು ‘ಸಿಹಿನೀರು’. ಕಿಟ್‌ಗಳ ಪಟ್ಟಿಯಲ್ಲಿ ‘ಉಪ್ಪಿನ ಟೆಸ್ಟ್’ ಎಂದು ಒಂದಿರುತ್ತದೆ. ಅದು ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವಿರುವ ಕೊಳಗಳಿಗೆ. ಗಡಸು ನೀರಿನವರು ‘ನಮ್ಮದು ಉಪ್ಪುನೀರು’ ಎಂದು ಅದನ್ನು ತಂದರೆ ದುಡ್ಡು ದಂಡ. ಅವರಿಗೆ ಬೇಕಾದದ್ದು ಕ್ಯಾಲ್ಸಿಯಂ ಟೆಸ್ಟ್.

‘ಸ್ಟೆಬಿಲೈಸರ್’ ಎಂದರೆ ಮನೆಯಲ್ಲಿ ಫ್ರಿಜ್ಜಿನ ಪಕ್ಕದ ಡಬ್ಬ. ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಈ ವಸ್ತುವನ್ನು ‘ಸಯನೂರಿಕ್ ಆಮ್ಲ’ ಎಂದೇ ಉಳಿಸಿ. ಆಲ್ಕಲಿನಿಟಿಗೆ ‘ಕ್ಷಾರೀಯತೆ’ ಇಡಬಹುದು, ಆದರೆ ಓದುಗ ಅದನ್ನೇ ಪಿಎಚ್ ಎಂದುಕೊಳ್ಳುತ್ತಾನೆ. ಕೆಳಗೆ ಒಂದು ಸಾಲು ಬೇಕು: ‘ಪಿಎಚ್ ಏರಿಳಿಯದಂತೆ ನೀರಿಗಿರುವ ಹಿಡಿತ’.

ಪ್ರಶ್ನೆ ಕೇಳಿದವರಿಂದ

‘ಬಿಡಿ ಕ್ಲೋರಿನ್’ ಹಿಡಿಸಿತು. ಸಯನೂರಿಕ್ ಆಮ್ಲದ ಪರೀಕ್ಷೆ ಇಲ್ಲದ ಕಿಟ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಬಿಟ್ಟರೆ ನಷ್ಟವೇನು? ಟಿಡಿಎಸ್ ಮೀಟರ್ ಸಾಕೆ ಎಂದು ಹಲವರು ಕೇಳುತ್ತಾರೆ. ಜೊತೆಸಾಮಾನು ಯಾವುವು?

ಉತ್ತರ 1

ಟಿಡಿಎಸ್ ಮೀಟರ್ ಓದುವುದು ನೀರಿನಲ್ಲಿ ವಿದ್ಯುತ್ ಹರಿಯುವ ಪ್ರಮಾಣವನ್ನು. ಕ್ಲೋರಿನ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಬೇಡ. ಕುಡಿಯುವ ನೀರಿಗೆಂದು ಬರುವ ಕ್ಲೋರಿನ್ ಪರೀಕ್ಷೆಯೂ ಬೇಡ. ಅಲ್ಲಿ ಭಾರತೀಯ ಮಾನಕ ಕೇಳುವ ಕನಿಷ್ಠ ಲೀಟರಿಗೆ 0.2 ಮಿ.ಗ್ರಾಂ., ಕೊಳದಲ್ಲಿ ಓದಬೇಕಾದದ್ದು ಅದರ ಎಷ್ಟೋ ಪಟ್ಟು.

ಸಯನೂರಿಕ್ ಪರೀಕ್ಷೆ ಬೇಕೇ ಬೇಡವೇ ಎನ್ನುವುದು ನೀವು ಹಾಕುವ ಕ್ಲೋರಿನ್ ಯಾವುದು ಎಂಬುದರ ಮೇಲೆ. ಬ್ಲೀಚಿಂಗ್ ಪೌಡರ್ ಅಥವಾ ಲಿಕ್ವಿಡ್ ಹೈಪೊ (ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ) ಮಾತ್ರ ಹಾಕುವವರಿಗೆ ತುರ್ತಿಲ್ಲ. ಟಿಸಿಸಿಎ (ಸಯನೂರಿಕ್ ಆಮ್ಲವೂ ಸೇರಿದ ಕ್ಲೋರಿನ್) ಮಾತ್ರೆ ಹಾಕುವವರಿಗೆ ಇದು ಇಲ್ಲದ ಕಿಟ್ ಅರ್ಧ ಕಿಟ್. ಲೆಕ್ಕ ನೋಡಿ. ಟಿಸಿಸಿಎ 10 ಪಿಪಿಎಂ ಕ್ಲೋರಿನ್ ಕೊಡುವಾಗ ಸುಮಾರು 6 ಪಿಪಿಎಂ ಸಯನೂರಿಕ್ ಆಮ್ಲವನ್ನೂ ನೀರಲ್ಲಿ ಬಿಡುತ್ತದೆ. ದಿನಕ್ಕೆ 2 ಪಿಪಿಎಂನಂತೆ 30 ದಿನ ಹಾಕಿದರೆ 36 ಪಿಪಿಎಂ. ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗದಂತೆ ಕಾಯಲು 30ರಿಂದ 50 ಇದ್ದರೆ ಒಳ್ಳೆಯದೇ. ಆದರೆ ಅದು ಕ್ಲೋರಿನ್ನಂತೆ ಖರ್ಚಾಗುವುದಿಲ್ಲ, ಕೂಡುತ್ತಲೇ ಹೋಗುತ್ತದೆ, ಕ್ಲೋರಿನ್ನಿನ ಕೈಕಟ್ಟುತ್ತದೆ. ಕೊಳ ನೋಡಿಕೊಳ್ಳುವ ಅನೇಕರು ಹಿಡಿಯುವ ಲೆಕ್ಕ: ಬಿಡಿ ಕ್ಲೋರಿನ್ ಸಯನೂರಿಕ್‌ನ ಶೇಕಡ 7.5ಕ್ಕಿಂತ ಕೆಳಗಿಳಿಯಬಾರದು. ಸಯನೂರಿಕ್ 80 ಆಗಿದ್ದರೆ ಬಿಡಿ ಕ್ಲೋರಿನ್ ಕನಿಷ್ಠ 6 ಬೇಕು. ಕಿಟ್ 2 ತೋರಿಸುತ್ತಿದ್ದರೂ ಪಾಚಿ ಬರುವುದು ಈ ಕಾರಣಕ್ಕೆ. ಇಳಿಸುವ ನಂಬುವಂಥ ದಾರಿ ಒಂದೇ, ನೀರಿನ ಒಂದು ಭಾಗ ತೆಗೆದು ಹೊಸದು ತುಂಬುವುದು.

ಸಯನೂರಿಕ್ ಪರೀಕ್ಷೆ ಸುಲಭ. ಕೊಳದ ನೀರು, ಕಿಟ್‌ನ ಸಯನೂರಿಕ್ ದ್ರಾವಣ ಸಮಸಮ ಬೆರೆಸಿ ಅರ್ಧ ನಿಮಿಷ ಮೆಲ್ಲಗೆ ಆಡಿಸಿದರೆ ಹಾಲಿನಂತಾಗುತ್ತದೆ. ತಳದಲ್ಲಿ ಕಪ್ಪು ಚುಕ್ಕೆ ಇರುವ ಕೊಳವೆಗೆ ಸ್ವಲ್ಪಸ್ವಲ್ಪವಾಗಿ ಸುರಿಯುತ್ತಾ ಮೇಲಿನಿಂದ ನೋಡಬೇಕು, ಚುಕ್ಕೆ ಕಾಣದಾದ ಮಟ್ಟದ ಅಂಕಿ ಓದಬೇಕು. ಬಿಸಿಲಿಗೆ ಬೆನ್ನು ಹಾಕಿ, ಕೊಳವೆಯನ್ನು ಸೊಂಟದ ಎತ್ತರದಲ್ಲಿ ಹಿಡಿಯಿರಿ. ಕಣ್ಣಿಗೆ ಕೂಲಿಂಗ್ ಗ್ಲಾಸ್ ಇರಬಾರದು. ಕನ್ನಡಕದ ಈ ಮಾತು ಎಲ್ಲ ಬಣ್ಣದ ಪರೀಕ್ಷೆಗಳಿಗೂ ಅನ್ವಯ.

ಕ್ಷಾರೀಯತೆ ಮತ್ತು ಕ್ಯಾಲ್ಸಿಯಂ ಎರಡಕ್ಕೂ ಈ ಕಿಟ್‌ಗಳಲ್ಲಿ 25 ಮಿ.ಲೀ. ನೀರು, ಒಂದು ಹನಿಗೆ 10 ಪಿಪಿಎಂ. ಮೊದಲನೆಯದು ಹಸಿರಿನಿಂದ ಕೆಂಪಿಗೆ, ಎರಡನೆಯದು ಕೆಂಪಿನಿಂದ ನೀಲಿಗೆ. ಕ್ಯಾಲ್ಸಿಯಂನಲ್ಲಿ ನೀಲಿ ಬಾರದೆ ನೇರಳೆಯಲ್ಲೇ ನಿಂತರೆ ನೀರಿನಲ್ಲಿ ತಾಮ್ರದಂಥ ಲೋಹವಿರಬಹುದು. ಬಣ್ಣ ತರುವ ಸೂಚಕ ಹಾಕುವ ಮೊದಲೇ, ಹನಿ ಎಣಿಸುವ ಬಾಟಲಿಯಿಂದ ಐದಾರು ಹನಿ ಹಾಕಿ ಮತ್ತೆ ಮಾಡಿ. ಆ ಹನಿಗಳನ್ನೂ ಎಣಿಕೆಗೆ ಸೇರಿಸಲು ಮರೆಯಬೇಡಿ.

ಜೊತೆಸಾಮಾನಿನಲ್ಲಿ ಮೊದಲು ಕೊಳ್ಳಬೇಕಾದದ್ದು ಪುಟ್ಟ ಅಯಸ್ಕಾಂತದ ಸ್ಟರರ್, ಅಂದರೆ ಕೊಳವೆಯ ನೀರನ್ನು ತಾನೇ ಸುತ್ತಿಸುವ ಸಾಧನ. ಒಂದು ಕೈ ಬಾಟಲಿಗೆ, ಒಂದು ಕೈ ಕೊಳವೆಗೆ ಎಂಬ ಪರದಾಟ ತಪ್ಪುತ್ತದೆ, ಅದರ ಬಿಳಿ ಬೆಳಕಿನಲ್ಲಿ ಬಣ್ಣ ಬದಲಾದದ್ದು ಸ್ಪಷ್ಟ. ಆಮೇಲೆ ಹೆಚ್ಚು ಖರ್ಚಾಗುವ ಡಿಪಿಡಿ ಪುಡಿ ಮತ್ತು ಅದರ ಹನಿ ಬಾಟಲಿಯ ಒಂದು ಜೊತೆ ಹೆಚ್ಚುವರಿ, ಒಂದು ಹೆಚ್ಚುವರಿ ಕೊಳವೆ, ತೂಕಕ್ಕೆ ಅಡುಗೆಮನೆ ತಕ್ಕಡಿಯಂಥದ್ದು. ತಕ್ಕಡಿ ಏಕೆಂದರೆ 1 ಪಿಪಿಎಂ ಎಂದರೆ ಸಾವಿರ ಲೀಟರಿಗೆ ಒಂದು ಗ್ರಾಂ. 8 ಮೀ. ಉದ್ದ, 4 ಮೀ. ಅಗಲ, ಸರಾಸರಿ ಒಂದೂವರೆ ಮೀ. ಆಳದ ಕೊಳ 48,000 ಲೀಟರು. 2 ಪಿಪಿಎಂ ಏರಿಸಲು 96 ಗ್ರಾಂ ಕ್ಲೋರಿನ್. ಶೇಕಡ 65ರ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಹರಳಾದರೆ ಸುಮಾರು 148 ಗ್ರಾಂ, ಶೇಕಡ 30ರ ಬ್ಲೀಚಿಂಗ್ ಪೌಡರಾದರೆ 320 ಗ್ರಾಂ. ‘ಒಂದು ಮಗ್’ ಎಂಬ ಅಳತೆ ಕೈಪಿಡಿಯಲ್ಲಿ ಬಾರದಿರಲಿ. ಪೇಪರ್ ಪಟ್ಟಿಗಳು ದಿನನಿತ್ಯದ ಕಣ್ಣಂದಾಜಿಗೆ ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಒಮ್ಮೆ ಒದ್ದೆ ಬೆರಳು ಡಬ್ಬಿಯೊಳಗೆ ಹೋದರೆ ಉಳಿದವೂ ಕೆಟ್ಟವೆಂದೇ ಲೆಕ್ಕ.

ಪ್ರಶ್ನೆ ಕೇಳಿದವರಿಂದ

ತಿದ್ದಿದ ಭಾಗ ಹೀಗಿದೆ:

‘ನೀರು ಒಳಬರುವ ಬಾಯಿಯಿಂದ ದೂರ ನಿಂತು, ಮೊಣಕೈಯಷ್ಟು ಆಳದಿಂದ ನೀರು ತೆಗೆಯಿರಿ. ಕೊಳವೆಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು 10 ಮಿ.ಲೀ. ಗೆರೆಗೆ ತುಂಬಿ. ಎರಡು ಚಮಚ ಡಿಪಿಡಿ ಪುಡಿ ಹಾಕಿ ಸುತ್ತಿಸಿ. ಗುಲಾಬಿ ಬಂದರೆ ಬಿಡಿ ಕ್ಲೋರಿನ್ ಇದೆ. ಹನಿ ಬಾಟಲಿಯನ್ನು ನೆಟ್ಟಗೆ ಹಿಡಿದು ಒಂದೊಂದೇ ಹನಿ ಹಾಕುತ್ತಾ, ಸುತ್ತಿಸುತ್ತಾ, ಗುಲಾಬಿ ಪೂರ್ತಿ ಹೋಗುವ ತನಕ ಎಣಿಸಿ. ಹನಿಗಳ ಅರ್ಧ = ಬಿಡಿ ಕ್ಲೋರಿನ್. ಅದೇ ನೀರಿಗೆ ಮೂರನೇ ಬಾಟಲಿಯಿಂದ ಐದು ಹನಿ. ಮತ್ತೆ ಗುಲಾಬಿ ಬಂದರೆ ಮತ್ತೆ ಎಣಿಸಿ; ಅದರ ಅರ್ಧ = ಕೂಡಿದ ಕ್ಲೋರಿನ್. ಇದು 0.5 ಪಿಪಿಎಂಗಿಂತ ಹೆಚ್ಚಿದ್ದರೆ ಕೊಳದ ಮಾಲೀಕರಿಗೆ ತಿಳಿಸಿ.’

ಉತ್ತರ 2

ಮಾತು ಚೆನ್ನಾಗಿ ಕೂತಿದೆ. ‘ನೆಟ್ಟಗೆ’ ಎಂದಷ್ಟೇ ಇದ್ದರೆ ಬಾಯಿ ಮೇಲೆಂದೂ ಆಗುತ್ತದೆ. ‘ಬಾಯಿ ಕೆಳಗೆ, ನೆಟ್ಟಗೆ’ ಮಾಡಿ. ವಾರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ‘ಮೂರನೇ ಬಾಟಲಿ’ ಯಾವ ಕಡೆಯಿಂದ ಮೂರನೆಯದು? ಲೇಬಲ್ಲಿನ ಸಂಖ್ಯೆಯನ್ನೇ ಬರೆಯಿರಿ: ಟೇಲರ್ ಕಿಟ್‌ನಲ್ಲಿ ಅದು ಆರ್-0003.

ಉತ್ತರ 1

‘ಎರಡು ಚಮಚ’ ಕೂಡ ತಿದ್ದಿ. ಕಿಟ್ಟಿನೊಳಗೇ ಪುಟ್ಟ ಅಳತೆ ಚಮಚ ಬರುತ್ತದೆ, ಅದರಲ್ಲಿ ಎರಡು. ಅಡುಗೆಮನೆ ಚಮಚ ಎಂದು ತಿಳಿದರೆ ಪುಡಿ ವಾರದೊಳಗೆ ಖಾಲಿ. ಮತ್ತೆ ಪ್ರತಿ ಬಾಟಲಿಯ ಮೇಲೆ ‘ತೆರೆದ ದಿನ’ ಎಂದು ಚೀಟಿ ಅಂಟಿಸಲು ಜಾಗ ಬಿಡಿ. ವರ್ಷಕ್ಕೊಮ್ಮೆ ಎಲ್ಲ ದ್ರಾವಣ ಬದಲಿಸಬೇಕು, ಪಂಪ್ ರೂಮಿನ ಬಿಸಿಯಲ್ಲಿ, ಆಸಿಡ್ ಡಬ್ಬದ ಪಕ್ಕದಲ್ಲಿ ಇಟ್ಟರೆ ಅದಕ್ಕೂ ಮೊದಲೇ.