ಮೂತ್ರದ ಸೆಡಿಮೆಂಟ್‌ನಲ್ಲಿ (ತಳಕ್ಕೆ ಕೂತ ಭಾಗದಲ್ಲಿ) ಕಂಡ ಈ ಕೋಶಗಳು ಯಾವುವು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಲ್ಯಾಬ್ ಕೆಲಸಕ್ಕೆ ಹೊಸಬಳು, ಬೆಳಗ್ಗಿನಿಂದ ಒಂದೇ ಸ್ಲೈಡ್ ಮುಂದೆ ಕೂತಿದೀನಿ.

40ಎಕ್ಸ್‌ನಲ್ಲಿ ಪ್ರತಿ ಫೀಲ್ಡ್‌ಗೆ ನಾಲ್ಕೈದು ದುಂಡನೆಯ ಕೋಶಗಳು ಕಾಣ್ತಿವೆ. ಬಿಳಿ ರಕ್ತಕಣಕ್ಕಿಂತ ಸ್ವಲ್ಪ ದೊಡ್ಡವು, ಒಳಗೆ ಒಂದೇ ದುಂಡು ನ್ಯೂಕ್ಲಿಯಸ್. ಕೆಲವದರಲ್ಲಿ ಅದು ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದು ಅಂಚಿಗೆ ಒತ್ತಿಕೊಂಡಿದೆ. ಸೈಟೋಪ್ಲಾಸಂ ಮರಳು ಮರಳಾಗಿದೆ.

ಮೊದಲು ಬಿಳಿ ಕಣ ಅಂದ್ಕೊಂಡೆ. ಆದರೆ ಮೂತ್ರ ಪರೀಕ್ಷೆಯ ಸ್ಟ್ರಿಪ್‌ನಲ್ಲಿ ಲ್ಯೂಕೋಸೈಟ್ (ಬಿಳಿ ಕಣ) ನೆಗೆಟಿವ್, ಪ್ರೋಟೀನ್ ಮಾತ್ರ 1+. ಶೇ. 2ರ ಅಸಿಟಿಕ್ ಆಮ್ಲ ಒಂದು ಹನಿ ಹಾಕಿದೆ, ನ್ಯೂಕ್ಲಿಯಸ್ ಇನ್ನೂ ಸ್ಪಷ್ಟವಾಯ್ತು, ಹೆಚ್ಚಿನ ಬಿಳಿ ಕಣಗಳಲ್ಲಿ ಇರುವಂಥ ಹಾಲೆಗಳಿಲ್ಲ. ಹೊಸ ಸ್ಯಾಂಪಲ್ ತರಿಸಿ ಮತ್ತೆ ಸೆಂಟ್ರಿಫ್ಯೂಜ್ ಮಾಡಿದೆ, ಅದೇ ಚಿತ್ರ. ಒಂದು ಗ್ರ್ಯಾನ್ಯುಲರ್ ಕಾಸ್ಟ್ (ಮೂತ್ರಪಿಂಡದ ಸಣ್ಣ ನಾಳದಲ್ಲಿ ಅಚ್ಚಾಗಿ ರೂಪುಗೊಳ್ಳುವ ಮರಳು ಮರಳಾದ ತುಣುಕು) ಕೂಡ ಸಿಕ್ಕಿತು, ಅದೇ ನನ್ನನ್ನು ಕಾಡ್ತಿರೋದು.

ಗೊಂದಲ ಇಷ್ಟೇ: ಇವು ಮೂತ್ರಪಿಂಡದ ಟ್ಯೂಬುಲರ್ ಎಪಿಥೀಲಿಯಲ್ ಕೋಶಗಳಾ (ಅಲ್ಲಿನ ಸಣ್ಣ ನಾಳಗಳ, ಅಂದ್ರೆ ಟ್ಯೂಬ್ಯೂಲ್‌ಗಳ ಒಳಪದರದವು), ಇಲ್ಲ ಮೂತ್ರಕೋಶ, ಮೂತ್ರನಾಳಗಳ ಒಳಪದರದ ಸಣ್ಣ ಟ್ರಾನ್ಸಿಷನಲ್ ಕೋಶಗಳಾ? ಮೊದಲನೆಯದಾದರೆ ಟ್ಯೂಬ್ಯೂಲ್‌ಗೆ ಪೆಟ್ಟಾಗಿರಬಹುದು. ಹಾಗಾಗಿ ಬರೀ ‘ಎಪಿಥೀಲಿಯಲ್ ಕೋಶಗಳು’ ಅಂತ ಬರೆದು ಕಳಿಸೋಕೆ ಮನಸ್ಸು ಒಪ್ತಿಲ್ಲ.

ಸ್ಟೇನ್ (ಬಣ್ಣ) ಹಾಕದೆ ಇವೆರಡನ್ನೂ ಬೇರೆ ಮಾಡೋಕೆ ನೀವು ಯಾವ ಲಕ್ಷಣ ನಂಬ್ತೀರಿ? ಖಚಿತ ಆಗದಿದ್ದರೆ ರಿಪೋರ್ಟ್‌ನಲ್ಲಿ ಏನಂತ ಬರೀತೀರಿ?