ಆಯಿಲ್ ರಿಪೋರ್ಟ್ ಬಗ್ಗೆ ಯಾರ ಮಾತು ಕೇಳಬೇಕು?

ಪ್ರಶ್ನೆ: ಸರ್, ನನ್ನ ಡೀಸೆಲ್ ಕಾರಿನ ಬಳಸಿದ ಎಂಜಿನ್ ಆಯಿಲನ್ನು ಲ್ಯಾಬ್‌ಗೆ ಕಳಿಸಿದ್ದೆ. ಎಂಜಿನ್ ಸವೆದು ಆಯಿಲ್‌ಗೆ ಸೇರುವ ಕಬ್ಬಿಣ 38 ಪಿಪಿಎಂ (ಹತ್ತು ಲಕ್ಷದಲ್ಲಿ 38 ಪಾಲು) ಬಂದಿದೆ. ಬೇರೆ ಆಯಿಲ್ ಹಾಕುವ ಗೆಳೆಯನ ಕಾರಿನಲ್ಲಿ 19. ಅವನ ಆಯಿಲ್ಲೇ ಒಳ್ಳೆಯದು ಅಂತ ಗುಂಪಿನ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರು ಹೇಳುತ್ತಾರೆ. ನಮ್ಮ ಗ್ಯಾರೇಜಿನವರು ಒಪ್ಪುವುದಿಲ್ಲ. ಯಾರನ್ನು ನಂಬಲಿ?

ಉತ್ತರ: ಓದಿಗೆ ಬೆಲೆ ಇದೆ. ಆದರೆ ಯಾವುದರ ಓದು ಅಂತ ಕೇಳಬೇಕು. ಮೆಕ್ಯಾನಿಕಲ್ ಪದವಿಯಲ್ಲಿ ಬೇರಿಂಗ್, ಸವೆತದ ಬಗ್ಗೆ ಕಲಿಸುತ್ತಾರೆ. ಬಳಸಿದ ಆಯಿಲ್‌ನ ರಿಪೋರ್ಟ್ ಓದುವುದು ಬೇರೆಯೇ ವಿದ್ಯೆ. ಅದಕ್ಕೆಂದೇ ಯಂತ್ರಗಳ ಲೂಬ್ರಿಕೇಶನ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಂಎಲ್ ಪರೀಕ್ಷೆ ನಡೆಸುತ್ತದೆ. ಅಮೆರಿಕದ ಲೂಬ್ರಿಕೇಶನ್ ಎಂಜಿನಿಯರ್‌ಗಳ ಸಂಘ ಎಸ್‌ಟಿಎಲ್‌ಇ, ಲೂಬ್ರಿಕೇಶನ್ ತಜ್ಞರಿಗೆ ಸಿಎಲ್‌ಎಸ್ ಸರ್ಟಿಫಿಕೇಟ್ ಕೊಡುತ್ತದೆ. ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ಭಾರತದ ಮಂಡಳಿ) ಮಾನ್ಯತೆ ಇದ್ದರೆ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17025 ಪ್ರಕಾರ ಅಳತೆ ಮಾಡುವ ಯೋಗ್ಯತೆ ಇದೆ ಅಂತ ಅರ್ಥ. ನಿಮ್ಮ ಎಂಜಿನ್ ಹೇಗಿದೆ ಅಂತ ಆ ಮಾನ್ಯತೆ ಹೇಳುವುದಿಲ್ಲ.

ಈಗ ಆ 38, 19 ನೋಡಿ. ನೀವು 10,000 ಕಿ.ಮೀ. ಓಡಿಸಿ, ಅವರು 5,000ಕ್ಕೇ ಆಯಿಲ್ ತೆಗೆದಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ, ಅಲ್ವಾ? ನಡುವೆ ಹೊಸ ಆಯಿಲ್ ಸೇರಿಸಿ ಟಾಪ್‌ಅಪ್ ಮಾಡಿದರೆ ಸಂಖ್ಯೆ ಇಳಿಯುತ್ತದೆ. ಎಂಜಿನ್ ಬೇರೆಯಾದರೆ ಹೋಲಿಕೆಯೇ ನಿಲ್ಲುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಲ್ಯಾಬ್‌ನಲ್ಲಿ ಲೋಹ ಅಳೆಯುವ ಸಾಮಾನ್ಯ ಸ್ಪೆಕ್ಟ್ರೋಮೀಟರ್‌ಗೆ ಕೆಲವೇ ಮೈಕ್ರಾನ್‌ನಷ್ಟು (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಅಂದರೆ ಒಂದು ಮೈಕ್ರಾನ್) ಸಣ್ಣ ಕಣಗಳಷ್ಟೇ ಸರಿಯಾಗಿ ಕಾಣುತ್ತವೆ. ದೊಡ್ಡ ಚೂರುಗಳು ತಪ್ಪಿಹೋಗುತ್ತವೆ. ಕಬ್ಬಿಣ ಕಡಿಮೆ ಬಂತು ಅಂದಮಾತ್ರಕ್ಕೆ ಎಂಜಿನ್ ಚೆನ್ನಾಗಿದೆ ಅಂತಲ್ಲ. ಆ ಆಯಿಲ್ ಶ್ರೇಷ್ಠ ಅಂತಂತೂ ಅಲ್ಲವೇ ಅಲ್ಲ.

ಪ್ರಶ್ನೆ: ತಾಮ್ರವೂ ಜಾಸ್ತಿ ಇದೆ ಸರ್. ಬೇರಿಂಗ್ ಹೋಯ್ತು ಅಂತ ಗುಂಪಿನವರು ಹೆದರಿಸುತ್ತಿದ್ದಾರೆ. ಈಚೆಗೆ ಆಯಿಲ್ ಕೂಲರ್ ಬದಲಾಯಿಸಿದ್ದೆವು. ಗ್ಯಾರೇಜಿನವರು ಅದರಿಂದಲೇ ಅನ್ನುತ್ತಾರೆ.

ಉತ್ತರ: ನಿಮ್ಮ ಗ್ಯಾರೇಜಿನವರ ಮಾತಿನಲ್ಲಿ ಹುರುಳಿದೆ. ತಾಮ್ರ ಇರುವ ಹೊಸ ಕೂಲರ್‌ನಿಂದ ಕೆಲಕಾಲ ತಾಮ್ರ ಆಯಿಲ್‌ಗೆ ಇಳಿಯುತ್ತದೆ. ಇದು ಗೊತ್ತಿರುವ ಸಂಗತಿ. ಸರ್ಟಿಫಿಕೇಟ್ ಇಲ್ಲದಿದ್ದರೂ ಕೂಲರ್ ಬದಲಾಗಿದ್ದು ಗೊತ್ತಿರುವುದು ಅವರಿಗೇ. ಸಿಎಲ್‌ಎಸ್ ಇರುವವರೂ ಈ ಮಾತು ಕೇಳದೆ ತೀರ್ಪು ಕೊಟ್ಟರೆ ನಾನು ಒಪ್ಪುವುದಿಲ್ಲ. ಕಿ.ಮೀ. ಎಷ್ಟು, ಟಾಪ್‌ಅಪ್ ಎಷ್ಟು, ಸ್ಯಾಂಪಲ್ ಹೇಗೆ ತೆಗೆದಿರಿ ಅಂತ ಮೊದಲು ಕೇಳುವವರ ಹತ್ತಿರ ರಿಪೋರ್ಟ್ ತೋರಿಸಿ.

ಬೇರಿಂಗ್‌ಗಳಲ್ಲಿ ಸಾಮಾನ್ಯವಾಗಿ ಇರುವ ಸೀಸ, ತವರವೂ ಏರಿದೆಯಾ ನೋಡಿ. ಏರಿದ್ದರೆ ಬೇರಿಂಗ್ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಗಾಬರಿ ಬೇಡ. ಮುಂದಿನ ಸಲ ಅದೇ ಲ್ಯಾಬ್, ಅಷ್ಟೇ ಕಿ.ಮೀ. ಇರಲಿ. ಎಂಜಿನ್ ಬಿಸಿ ಇದ್ದಾಗ ಸ್ಯಾಂಪಲ್ ತೆಗೆಯಿರಿ. ಹೋಲಿಸಿ ನೋಡಲು ಬಳಸದ ಹೊಸ ಆಯಿಲ್‌ನ ಸ್ಯಾಂಪಲ್ ಕೂಡ ಜೊತೆಗೆ ಕಳಿಸಿ.